ಬೇರೆ ಇಟ್ಟ ತಟ್ಟೆ

ಸೂಜಿ ಚುಚ್ಚಿದಾಗ ನೋವೇ ಆಗಲಿಲ್ಲ.

ಎಡಗೈಯ ತೋರುಬೆರಳಿನ ತುದಿ. ಕೈಗವಸಿನ ಒಳಗೆ ಸಾಸಿವೆ ಕಾಳಿನಷ್ಟು ಕೆಂಪು ಕಾಣಿಸಿತು. ನಾನು ಅದನ್ನೇ ನೋಡುತ್ತ ನಿಂತೆ. ಎದುರಿಗೆ ಸ್ಟೂಲಿನ ಮೇಲೆ ಕುಳಿತಿದ್ದ ಹೆಂಗಸು ಮೊಣಕೈ ಮಡಚಿ ಹತ್ತಿ ಒತ್ತಿ ಹಿಡಿದುಕೊಂಡು, ‘ಆತೇನ್ರಿ ಬಾಯಾರ?’ ಎಂದು ಕೇಳಿದಳು. ‘ಆತು, ಇನ್ನ ಹೋಗ್ರಿ’ ಎಂದೆ. ಧ್ವನಿ ಸರಿಯಾಗಿಯೇ ಬಂತು.

ಆಕೆಯ ರಕ್ತದಲ್ಲಿ ಎಚ್‌ಐವಿ ಇತ್ತು. ಅದು ನನಗೆ ಗೊತ್ತಿತ್ತು, ಪರೀಕ್ಷೆ ಮಾಡಿದವಳೇ ನಾನು.

ತಪ್ಪನ್ನು ಬೇರೆ ಯಾರ ಮೇಲೂ ಹೊರಿಸುವಂತಿಲ್ಲ. ರಕ್ತ ತೆಗೆದ ಮೇಲೆ ಸೂಜಿಗೆ ಮರಳಿ ಟೋಪಿ ಹಾಕಬಾರದು, ಹಾಗೆಯೇ ಡಬ್ಬಿಗೆ ಬಿಡಬೇಕು. ಈ ನಿಯಮವನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿದವಳು ನಾನು. ಹೊಸದಾಗಿ ಬಂದ ಹುಡುಗಿಯರು ಮರೆತರೆ ಅವರನ್ನು ಬಿಡದೆ ಬೈಯುವವಳೂ ನಾನೇ. ಅಂದು ಟೆಕ್ನಿಷಿಯನ್ ರಜೆಯಲ್ಲಿದ್ದಳು, ರಕ್ತ ತೆಗೆಯಲು ನಾನೇ ಕುಳಿತೆ. ಹಳೆಯ ಚಾಳಿ. ಎಡಗೈಯಲ್ಲಿ ಟೋಪಿ ಹಿಡಿದು ಬಲಗೈಯ ಸೂಜಿಯನ್ನು ಅದರೊಳಗೆ ತೂರಿಸಲು ಹೋದೆ. ಸೂಜಿ ಪಕ್ಕಕ್ಕೆ ಜಾರಿತು.

ಸಾಬೂನು ಹಚ್ಚಿ ನಲ್ಲಿಯ ಕೆಳಗೆ ಬೆರಳು ಹಿಡಿದುಕೊಂಡು ನಿಂತೆ. ಐದು ನಿಮಿಷ ಇರಬಹುದು, ಹತ್ತೂ ಇರಬಹುದು. ಆಮೇಲೆ ಮೆಡಿಸಿನ್ ವಿಭಾಗದ ಡಾಕ್ಟರ್ ದೇಸಾಯಿಯವರ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಸೂಜಿಯೊಳಗ ರಕ್ತ ಇತ್ತೇನ್ರಿ ಮೇಡಂ?’

‘ಇತ್ರಿ.’

‘ಕೈಗವಸ?’

‘ಹಾಕ್ಕೊಂಡಿದ್ದೆ.’

‘ಹಂಗಾದ್ರ ಛಲೋ ಆತು. ಸಾವಿರ ಮಂದಿಗೆ ಚುಚ್ಚಿದ್ರ ಮೂರ ಮಂದಿಗೆ ಹತ್ತತದ. ಇದನ್ನ ನನಗ ಹೇಳಿಕೊಟ್ಟಾವ್ರ ನೀವು.’

ಹೌದು, ನಾನೇ ಹೇಳಿಕೊಟ್ಟಿದ್ದೆ. ಹೇಳಿಕೊಡುವಾಗ ಉಳಿದ ಒಂಬೈನೂರ ತೊಂಬತ್ತೇಳು ಮಂದಿ ನನ್ನ ಕಣ್ಣ ಮುಂದಿರುತ್ತಿದ್ದರು. ಈಗ ಆ ಮೂವರೇ ಕಂಡರು.

ಇಂಥ ಅಪಘಾತ ಆದರೆ ಇರಲಿ ಎಂದು ನಾಲ್ಕು ವಾರದ ಮಾತ್ರೆ ಆಸ್ಪತ್ರೆಯ ಕಪಾಟಿನಲ್ಲಿ ಇರಲೇಬೇಕೆಂದು ಹಿಂದಿನ ವರ್ಷ ನಾನು ಮೀಟಿಂಗಿನಲ್ಲಿ ಜಗಳವಾಡಿದ್ದೆ. ನರ್ಸುಗಳಿಗೆ, ಕಸ ಎತ್ತುವವರಿಗೆ ಬೇಕಾಗುತ್ತದೆ ಎಂದು ಮೇಜು ಬಡಿದಿದ್ದೆ. ಕಪಾಟಿನ ಸೀಲು ಒಡೆದು ಮೊದಲ ಮಾತ್ರೆ ನುಂಗಿದವಳು ನಾನೇ ಆದೆ.

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಜನ ನನ್ನನ್ನು ಡಾಕ್ಟರ್ ಎನ್ನುತ್ತಾರೆ, ಆದರೆ ನಾನು ನೆಗಡಿಗೂ ಔಷಧ ಕೊಡಲು ಬಾರದ ಡಾಕ್ಟರು. ನನ್ನ ಹೊಟ್ಟೆಪಾಡು ರೆಟ್ರೊವೈರಸ್, ಎಚ್‌ಐವಿ ಸೇರಿದ ವೈರಸ್ ಜಾತಿ. ಇದು ಮೈಯೊಳಗೆ ಹೋದರೆ ಸುಮ್ಮನೆ ಇದ್ದು ಹೋಗುವ ಅತಿಥಿಯಲ್ಲ. ಜಮೀನಿನ ಉತಾರದಲ್ಲಿ ಯಾರೋ ತಮ್ಮ ಹೆಸರು ಸೇರಿಸಿಬಿಡುತ್ತಾರಲ್ಲ, ಹಾಗೆ ನಮ್ಮ ಜೀವಕೋಶದ ದಫ್ತರಿನಲ್ಲಿ ತನ್ನ ಬರಹವನ್ನು ಸೇರಿಸಿಬಿಡುತ್ತದೆ. ಆಮೇಲೆ ಅದನ್ನು ತೆಗೆಯಲು ಯಾವ ಕಚೇರಿಯಲ್ಲೂ ಅರ್ಜಿ ನಡೆಯುವುದಿಲ್ಲ. ಹೆಸರು ಸೇರುವ ಮೊದಲೇ ತಡೆಯಬೇಕು, ಅದಕ್ಕೇ ಆ ಮಾತ್ರೆಯ ಅವಸರ.

ಈ ವಿದ್ಯೆಗೆ ನನ್ನನ್ನು ಹಚ್ಚಿದ್ದು ನಮ್ಮಪ್ಪನ ಕುರಿಗಳು. ಖಾನಾಪುರದಿಂದ ಮೂರು ಮೈಲಿ ಆಚೆ ನಮ್ಮ ಹಳ್ಳಿ. ಅಪ್ಪ ಸಿದ್ದಪ್ಪನ ಹಿಂಡಿನಲ್ಲಿ ವರ್ಷಕ್ಕೆ ಎರಡು ಮೂರು ಕುರಿಗಳು ಉಬ್ಬಸ ಹತ್ತಿ ಸಾಯುತ್ತಿದ್ದವು. ಹಿಂಗಾಲು ಎತ್ತಿ ಹಿಡಿದರೆ ಮೂಗಿನಿಂದ ನೊರೆ ನೀರು ಸುರಿಯುತ್ತಿತ್ತು. ಸಣ್ಣವಳಿದ್ದಾಗ ನಾನು ಅಪ್ಪನಿಗೆ ಯಾಕೆ ಎಂದು ಕೇಳಿದೆ. ‘ಓದಿ ನೀನ ಹೇಳು’ ಎಂದ. ಧಾರವಾಡದಲ್ಲಿ ಎಂ.ಎಸ್ಸಿ., ಪುಣೆಯಲ್ಲಿ ಪಿಎಚ್.ಡಿ. ಮಾಡಿ, ಅದೊಂದು ರೆಟ್ರೊವೈರಸ್ ಎಂದು ಇಪ್ಪತ್ತು ವರ್ಷ ತಡವಾಗಿ ಬಂದು ಹೇಳಿದೆ. ಅಷ್ಟೊತ್ತಿಗೆ ಅದೇ ಜಾತಿಯ ಇನ್ನೊಂದು ವೈರಸ್ ಮನುಷ್ಯರಿಗೆ ಹತ್ತಿತ್ತು. ಬೆಳಗಾವಿಯ ಮೆಡಿಕಲ್ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಔಷಧ ಹಾಕಿದರೆ ವೈರಸ್ ಹೇಗೆ ರೂಪ ಬದಲಿಸಿ ತಪ್ಪಿಸಿಕೊಳ್ಳುತ್ತದೆ ಎಂಬುದು ನನ್ನ ಸಂಶೋಧನೆ. ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸಿ, ಅದಕ್ಕೆ ವೈರಸ್ ಬಿಟ್ಟು, ಅದರ ಮೇಲೆ ಜಿಡೊವುಡಿನ್ ಎಂಬ ಔಷಧದ ಹನಿ ಹಾಕಿ ನೋಡುತ್ತ ಕುಳಿತರೆ ನನಗೆ ಊಟ ನೆನಪಾಗುತ್ತಿರಲಿಲ್ಲ. ಹನ್ನೊಂದು ವರ್ಷ ಹನಿ ಹಾಕಿದ ಔಷಧದ ರುಚಿ ಮಾತ್ರ ನನಗೆ ಗೊತ್ತಿರಲಿಲ್ಲ.

ಕಹಿ. ಗಂಟಲಲ್ಲಿ ನಿಲ್ಲುವಂಥ ಕಹಿ.

ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ನನ್ನ ಗಂಡ ಪ್ರಕಾಶ ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮಗಳು ಸುಮಾಳಿಗೆ ಎಂಟು ವರ್ಷ. ಆ ಸಂಜೆ ಮಗಳನ್ನು ಆಟಕ್ಕೆ ಕಳಿಸಿ ಗಂಡನಿಗೆ ಹೇಳಿದೆ. ಅವರು ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ನೋಡಲು ಅಲ್ಲಿ ಏನೂ ಇರಲಿಲ್ಲ. ‘ಎಷ್ಟ ದಿನಕ್ಕ ತಿಳೀತದ?’ ಎಂದರು. ಆರು ವಾರಕ್ಕೊಂದು ಪರೀಕ್ಷೆ, ಮೂರು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಕೊನೆಯದು ಎಂದೆ. ‘ಆರ ತಿಂಗಳ ಅಂದ್ರ ವಾರ್ಷಿಕ ಪರೀಕ್ಷೆ ಮುಗದ ಹೋಗಿರತದ ಬಿಡು’ ಎಂದರು. ಅದು 1999ರ ದೀಪಾವಳಿ ಕಳೆದ ವಾರ. ಮೇಷ್ಟ್ರ ಲೆಕ್ಕದಲ್ಲಿ ಎಲ್ಲ ದಿನಗಳೂ ಪರೀಕ್ಷೆಯ ಈ ಕಡೆ ಇಲ್ಲವೆ ಆ ಕಡೆ ಇರುತ್ತವೆ.

ಮಗಳಿಗೆ ಹೇಳುವುದು ಬೇಡ, ಹಳ್ಳಿಗಂತೂ ಬೇಡವೇ ಬೇಡ ಎಂದು ತೀರ್ಮಾನಿಸಿದೆವು. ನಾವಿಬ್ಬರೂ ಬೇರೆ ಬೇರೆ ಮಲಗತೊಡಗಿದೆವು. ಅದಕ್ಕೆ ಒಂದು ಅರ್ಥವಿತ್ತು.

ಆದರೆ ಮರುದಿನ ಬೆಳಿಗ್ಗೆ ನಾನು ಮಾಡಿದ ಕೆಲಸಕ್ಕೆ ಯಾವ ಅರ್ಥವೂ ಇರಲಿಲ್ಲ. ನನ್ನ ಸ್ಟೀಲಿನ ತಟ್ಟೆ, ಲೋಟ, ಚಮಚ ಎತ್ತಿ ಅಡುಗೆಮನೆಯ ಬೇರೆ ಗೂಡಿನಲ್ಲಿಟ್ಟೆ. ಅವನ್ನು ಕುದಿಯುವ ನೀರಿನಲ್ಲಿ ತೊಳೆದೆ. ಟವೆಲ್ಲನ್ನು ಬೇರೆ ಗೂಟಕ್ಕೆ ಹಾಕಿದೆ.

ಊರೂರು ತಿರುಗಿ ಭಾಷಣ ಮಾಡಿದವಳು ನಾನು. ಬೆಳಗಾವಿಯ ಕಾಲೇಜುಗಳಲ್ಲಿ, ಖಾನಾಪುರದ ಪಂಚಾಯತಿ ಕಟ್ಟೆಯ ಮೇಲೆ, ಮಹಿಳಾ ಮಂಡಳಗಳಲ್ಲಿ ನಿಂತು ‘ಕೂಡಿ ಉಂಡರೆ ಹರಡುವುದಿಲ್ಲ, ಒಂದೇ ಲೋಟದಲ್ಲಿ ನೀರು ಕುಡಿದರೆ ಹರಡುವುದಿಲ್ಲ’ ಎಂದು ಗಂಟಲು ಹರಿದುಕೊಂಡವಳು. ಪ್ರಕಾಶ ಬೇರೆ ಗೂಡನ್ನು ನೋಡಿ, ‘ಏನ ಇದು, ನಿನ್ನ ಭಾಷಣಕ್ಕ ನಾನೂ ಬಂದಿದ್ದೆ’ ಎಂದರು. ‘ನನಗೂ ಗೊತ್ತೈತ್ರಿ’ ಎಂದೆ. ‘ಗೊತ್ತಿದ್ರ ಮತ್ಯಾಕ?’ ‘ಇರ್ಲಿ ಬಿಡ್ರಿ.’ ಅವರು ಬಿಟ್ಟರು. ಬಿಡಬಾರದಿತ್ತು.

ನುಂಗಬೇಕಾದದ್ದು ಜಿಡೊವುಡಿನ್ ಸೇರಿ ಮೂರು ಬಗೆಯ ಮಾತ್ರೆಗಳು. ಅವುಗಳಲ್ಲಿ ಇಂಡಿನಾವಿರ್ ಎಂಬುದು ಅತ್ತೆಗಿಂತ ಜೋರು. ಎಂಟು ಗಂಟೆಗೊಮ್ಮೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ. ತುಪ್ಪ, ಎಣ್ಣೆ ಕೂಡದು. ಮೇಲೆ ಕೊಡಗಟ್ಟಲೆ ನೀರು ಕುಡಿಯಬೇಕು, ಇಲ್ಲದಿದ್ದರೆ ಕಿಡ್ನಿಯಲ್ಲಿ ಹರಳು ಕಟ್ಟುತ್ತದೆ. ನಾಲ್ಕನೇ ದಿನಕ್ಕೆ ಅನ್ನದ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ನಡೆದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಬಾಯಲ್ಲಿ ಸದಾ ತಾಮ್ರದ ರುಚಿ. ‘ರೋಗಿಗಳು ಈ ಔಷಧವನ್ನು ಚೆನ್ನಾಗಿ ತಾಳಿಕೊಳ್ಳುತ್ತಾರೆ’ ಎಂದು ನನ್ನ ಲೇಖನವೊಂದರಲ್ಲಿ ಬರೆದಿದ್ದೆ. ಆ ವಾಕ್ಯ ನೆನಪಾದಾಗಲೆಲ್ಲ ಬಚ್ಚಲಿಗೆ ಓಡುತ್ತಿದ್ದೆ. ಆದರೂ ದಿನಾ ಲ್ಯಾಬಿಗೆ ಹೋದೆ. ಮನೆಯಲ್ಲಿ ಕುಳಿತರೆ ಬೆರಳನ್ನೇ ನೋಡುತ್ತ ಕೂರುತ್ತೇನೆ ಎಂಬ ಹೆದರಿಕೆ.

ಹತ್ತನೇ ದಿನ ಅಪ್ಪ ಬಂದ.

ಅಪ್ಪ ತಿಂಗಳಿಗೊಮ್ಮೆ ಖಾನಾಪುರದಿಂದ ಪ್ಯಾಸೆಂಜರ್ ಗಾಡಿ ಹತ್ತಿ ಬರುವುದು ವಾಡಿಕೆ. ಹೆಗಲ ಮೇಲೆ ಕಂಬಳಿ, ಕೈಚೀಲದಲ್ಲಿ ಶೇಂಗಾ ಚಟ್ನಿ, ತುಪ್ಪದ ಡಬ್ಬಿ. ಸ್ಟೇಷನ್ನಿನಿಂದ ನಡೆದೇ ಬರುತ್ತಾನೆ, ರಿಕ್ಷಾದವರಿಗೂ ಅವನಿಗೂ ಹಳೆಯ ವೈರ. ನಮ್ಮವ್ವ ನಾನು ಆರು ವರ್ಷದವಳಿದ್ದಾಗ ತೀರಿಕೊಂಡಳು. ಆಗಿನಿಂದ ಅಪ್ಪ ತನ್ನ ಕಂಚಿನ ಗಂಗಾಳದ ಮುಂದೆ ನನ್ನನ್ನೂ ಕೂರಿಸಿಕೊಂಡು ಅದೇ ತಟ್ಟೆಯಲ್ಲಿ ಉಣಿಸಿದ. ನನ್ನ ತಮ್ಮ ಬೀರಪ್ಪನನ್ನು ಅಜ್ಜಿ ನೋಡಿಕೊಂಡಳು, ನನ್ನ ಪಾಲಿಗೆ ಅಪ್ಪ. ರೊಟ್ಟಿಯ ಒಂದು ಬದಿ ಅವನದು, ಒಂದು ಬದಿ ನನ್ನದು, ನಡುವೆ ಪಲ್ಯ. ನನಗೆ ಮದುವೆಯಾಗಿ ಮಗಳಾದ ಮೇಲೂ ಅವನು ಬಂದ ದಿನದ ಮೊದಲ ಊಟ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಸುಮಾ ‘ಅಜ್ಜ, ಅವ್ವಗ ಇನ್ನೂ ಉಣ್ಣಾಕ ಬರೂದಿಲ್ಲೇನು?’ ಎಂದು ಚೇಷ್ಟೆ ಮಾಡುತ್ತಿದ್ದಳು. ‘ಇಲ್ಲವಾ, ನಿಮ್ಮವ್ವ ಬರೇ ಓದೂದ ಕಲ್ತಾಳ’ ಎಂದು ಅಪ್ಪ ನಗುತ್ತಿದ್ದ.

ಅಂದು ಅವನು ಕೈಕಾಲು ತೊಳೆದು ಬಂದು ಕುಳಿತ. ನಾನು ಅವನ ಮುಂದೆ ಒಂದು ತಟ್ಟೆ ಇಟ್ಟೆ. ನನ್ನ ತಟ್ಟೆಯನ್ನು ಬೇರೆ ಗೂಡಿನಿಂದ ತೆಗೆದುಕೊಂಡು ಎರಡು ಮಾರು ದೂರ ಕುಳಿತೆ.

ಅಪ್ಪ ತಟ್ಟೆ ನೋಡಿದ, ನನ್ನನ್ನು ನೋಡಿದ. ರೊಟ್ಟಿಗೆ ತುಪ್ಪ ಹಚ್ಚಿ ನನ್ನತ್ತ ಚಾಚಿದ. ‘ಬ್ಯಾಡಪ್ಪ, ತುಪ್ಪ ಆಗೂದಿಲ್ಲ ನನಗ’ ಎಂದೆ. ಚಾಚಿದ ಕೈ ಹಿಂದಕ್ಕೆ ಹೋಯಿತು. ಉಂಡಾದ ಮೇಲೆ ಅವನು ಬಾಯಾರಿ ಎದ್ದು, ಕೊಡದ ಬಳಿ ಇದ್ದ ನನ್ನ ಲೋಟಕ್ಕೆ ಕೈ ಹಾಕಿದ. ನಾನು ಹಾರಿ ಹೋಗಿ ಅದನ್ನು ಕಿತ್ತುಕೊಂಡೆ. ನೀರು ಅವನ ಧೋತರದ ಮೇಲೆಲ್ಲ ಚೆಲ್ಲಿತು.

ಅಪ್ಪ ಹೊರಗೆ ಹೋಗಿ ಧೋತರ ಹಿಂಡಿಕೊಂಡ.

ಮರುದಿನ ಬೆಳಿಗ್ಗೆ ನಾನು ವಾಂತಿ ಮಾಡಿಕೊಂಡು ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಅಪ್ಪ ಹೊರಟಾಗಿತ್ತು. ಮೂರು ದಿನ ಇರುವವನು ಒಂದೇ ರಾತ್ರಿಗೆ ಹೋದ. ಪ್ರಕಾಶ ಹೇಳಿದರು: ‘ಮಾವಾರು ನನ್ನ ಮುಂದ ಒಂದ ಮಾತ ಅಂದ್ರು. ಕುರಿ ಕಾದ ಮೈ, ಎಷ್ಟ ತಿಕ್ಕಿದರೂ ವಾಸನಿ ಹೋಗೂದಿಲ್ಲ ನೋಡಪ್ಪ. ನಿಮ್ಮ ಮನಿಗೆ ದೊಡ್ಡ ದೊಡ್ಡ ಮಂದಿ ಬರ್ತಾರ. ಲಕ್ಕವ್ವಗ ತ್ರಾಸ ಆಗಬಾರದು, ಅಂದ್ರು.’

ಹೊರಗೆ ನಾನು ಲಕ್ಷ್ಮೀ ಮೇಡಂ. ಲಕ್ಕವ್ವ ಎಂದು ಕರೆಯುವವನು ಅವನೊಬ್ಬನೇ. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ. ಓಡಿಹೋಗಿ ಸ್ಟೇಷನ್ನಿನಲ್ಲಿ ಅವನನ್ನು ಹಿಡಿಯಬಹುದಿತ್ತು, ಗಾಡಿಗೆ ಇನ್ನೂ ಅರ್ಧ ಗಂಟೆ ಇತ್ತು. ಹೋಗಿ ಏನು ಹೇಳುವುದು? ಏಡ್ಸ್ ಎಂಬ ಶಬ್ದ ನಮ್ಮ ಹಳ್ಳಿಯಲ್ಲಿ ರೋಗದ ಹೆಸರಲ್ಲ, ನಡತೆಯ ಹೆಸರು. ಮಗಳಿಗೆ ತನ್ನ ವಾಸನೆ ಆಗಿಬರುವುದಿಲ್ಲ ಎಂದು ಅವನು ತಿಳಿದುಕೊಂಡರೂ ಸರಿ, ಈ ಮಾತು ಅವನ ಕಿವಿಗೆ ಬೀಳುವುದು ಬೇಡ ಎಂದುಕೊಂಡೆ. ಎಂಥ ಬುದ್ಧಿವಂತಿಕೆ ನೋಡಿ.

ಹತ್ತೊಂಬತ್ತನೇ ದಿನ ಸೊಂಟದ ಬಲಬದಿಯಲ್ಲಿ ಯಾರೋ ಕುಡುಗೋಲು ಹಾಕಿ ಎಳೆದಂತಾಯಿತು. ಲ್ಯಾಬಿನಲ್ಲೇ ಕುಸಿದೆ. ಕಿಡ್ನಿಯಲ್ಲಿ ಹರಳು. ನೀರು ಕುಡಿಯಿರಿ ಎಂದು ಎಲ್ಲರಿಗೂ ಹೇಳುವವಳು ಕೆಲಸದ ಗಡಿಬಿಡಿಯಲ್ಲಿ ತಾನೇ ಕುಡಿದಿರಲಿಲ್ಲ. ಎರಡು ದಿನ ವಾರ್ಡಿನಲ್ಲಿ ಸಲೈನ್ ಹಚ್ಚಿಕೊಂಡು ಮಲಗಿದೆ. ದೇಸಾಯಿಯವರು ಇಂಡಿನಾವಿರ್ ನಿಲ್ಲಿಸಿದರು, ‘ಉಳಿದ ಎರಡು ಮುಗಿಸ್ರಿ, ಸಾಕು’ ಎಂದರು. ಸಾಕೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಬ್ಬರೂ ತಲೆ ಆಡಿಸಿದೆವು.

ಎರಡನೇ ದಿನ, ಸೂಜಿ ಚುಚ್ಚಿದಾಗ ಸ್ಟೂಲಿನ ಮೇಲೆ ಕುಳಿತಿದ್ದ ಆ ಹೆಂಗಸು ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದಳು. ಆಕೆಯ ನಿಜವಾದ ಹೆಸರು ಬರೆಯುವುದಿಲ್ಲ, ರುಕ್ಮಿಣಿ ಎನ್ನೋಣ. ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವಳು. ಗಂಡ ತೀರಿಹೋಗಿ ವರ್ಷವಾಗಿತ್ತು, ಅಣ್ಣನ ಮನೆಯಲ್ಲಿದ್ದಳು. ಮನೆಮಾತು ಮರಾಠಿ, ನನ್ನ ಜೊತೆ ಮಾತ್ರ ಕನ್ನಡ. ನನ್ನ ಸಂಶೋಧನೆಗೆ ಎರಡು ವರ್ಷದಿಂದ ತಿಂಗಳಿಗೊಮ್ಮೆ ರಕ್ತ ಕೊಡುತ್ತಿದ್ದಳು.

‘ಆವತ್ತ ನಿಮಗ ಸೂಜಿ ಹತ್ತೇತಿ ಅಂತ ನನಗ ಗೊತ್ತಾಗಿತ್ರಿ’ ಎಂದಳು. ‘ನೀವು ಭಾಳ ಹೊತ್ತ ಕೈ ತೊಳಕೊಂಡ್ರಿ. ಖರೇ ಹೇಳ್ರಿ ಬಾಯಾರ, ನನ್ನಿಂದ ಅಲ್ಲೇನು?’

‘ನಿಮ್ಮಿಂದ ಅಲ್ಲ ರುಕ್ಮಿಣಿ, ನನ್ನ ಕೈಯಿಂದ. ನೀವು ಸುಮ್ಮನ ಕುಂತಿದ್ರಿ. ಇದು ಕಿಡ್ನಿ ಹರಳ, ಬ್ಯಾರೆ ಏನಲ್ಲ.’

ಆಕೆ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಅಲ್ಲಿಂದಲೇ ಕೈ ಮುಗಿದು ಹೋದಳು. ಒಳಗೆ ಬರ್ರಿ ಎನ್ನಲು ನನಗೂ ಹೊಳೆಯಲಿಲ್ಲ. ನನಗೆ ಸಿಕ್ಕ ಮಾತ್ರೆ ಆಕೆಗೆ ಸಿಕ್ಕಿರಲಿಲ್ಲ, ಒಂದು ದಿನಕ್ಕೂ ಸಿಕ್ಕಿರಲಿಲ್ಲ. ಜೀವನವಿಡೀ ನುಂಗಬೇಕಾದ ಮಾತ್ರೆಯನ್ನು ಕೊಳ್ಳುವ ಶಕ್ತಿ ಆಗ ದೊಡ್ಡ ಸಂಬಳದವರಿಗೂ ಇರಲಿಲ್ಲ. ನನ್ನ ಡ್ರಾಯರಿನಲ್ಲಿ ಉಳಿದ ಒಂಬತ್ತು ದಿನದ ಇಂಡಿನಾವಿರ್ ಕೊಟ್ಟರೆ ಕೇಡೇ ಹೊರತು ಲಾಭವಿಲ್ಲ. ಅರ್ಧಂಬರ್ಧ ಔಷಧ ವೈರಸ್ಸಿಗೆ ತಪ್ಪಿಸಿಕೊಳ್ಳುವ ವಿದ್ಯೆ ಕಲಿಸುತ್ತದೆ, ಅದನ್ನೇ ನಾನು ಹನ್ನೊಂದು ವರ್ಷ ಓದಿದ್ದು. ಆ ರಾತ್ರಿ ನನ್ನ ಓದಿನ ಮೇಲೆ ನನಗೆ ಬಹಳ ಸಿಟ್ಟು ಬಂತು.

ಮಾತ್ರೆಗಳು ಮುಗಿದವು. ಆರು ವಾರದ ರಿಪೋರ್ಟ್ ನೆಗೆಟಿವ್ ಬಂತು. ಪ್ರಕಾಶ ಬೆಳಗಾವಿಯ ಕುಂದಾ ತಂದರು, ಆರು ವಾರಗಳಲ್ಲಿ ಮೊದಲ ಬಾರಿಗೆ ನನಗೆ ಸಿಹಿ ಸಿಹಿಯಾಗಿಯೇ ಹತ್ತಿತು. ಆದರೆ ಅದು ಕೊನೆಯ ಮಾತಲ್ಲ ಎಂದು ನನಗೆ ಗೊತ್ತಿತ್ತು. ಬೇರೆ ಗೂಡು ಹಾಗೆಯೇ ಇತ್ತು.

ಅಪ್ಪ ಆ ತಿಂಗಳು ಬರಲಿಲ್ಲ. ಬೀರಪ್ಪ ಖಾನಾಪುರದ ಫೋನ್ ಬೂತಿನಿಂದ ಮಾತಾಡಿದ. ‘ಅಕ್ಕಾ, ಏನ ಆಗೇತಿ ನಿಮ್ಮಿಬ್ಬರದು? ನಿನ್ನ ಹೆಸರ ತಗದ್ರ ಅಪ್ಪ ಎದ್ದ ಹೊರಗ ಹೊಕ್ಕಾನ. ಶೇಂಗಾ ಚಟ್ನಿ ಕುಟ್ಟಿಸ್ಯಾನ, ತಗೊಂಡ ಹೋಗ ಅಂದ್ರ ಸುಮ್ಮನ ಕುಂದರತಾನ.’

ಫೋನ್ ಇಟ್ಟ ಮೇಲೆ ಪ್ರಕಾಶ ‘ರವಿವಾರ ಹೋಗೂಣು’ ಎಂದರು. ‘ಹೇಳಿದ್ರ ಏನ ತಿಳಕೊಂತಾನೋ’ ಎಂದೆ. ‘ಹೇಳಲಾರದ್ದಕ್ಕ ಏನ ತಿಳಕೊಂಡಾರ ಗೊತ್ತೈತಲ್ಲ. ಅದಕ್ಕಿಂತ ಕೆಟ್ಟದ್ದ ಯಾವುದು ಐತಿ?’

ರವಿವಾರ ಮೂವರೂ ಹೋದೆವು. ಅಪ್ಪ ಕುರಿದೊಡ್ಡಿಯಲ್ಲಿದ್ದ. ಕಾಲು ಮುರಿದ ಒಂದು ಮರಿಗೆ ಬಿದಿರಿನ ಸೀಳು ಕಟ್ಟಿ ಬಟ್ಟೆ ಸುತ್ತುತ್ತಿದ್ದ. ಸುಮಾಳನ್ನು ಎತ್ತಿಕೊಂಡು ಮುದ್ದಾಡಿದ. ನನಗೆ ‘ಬಾರ್ವಾ, ಕುಂದರು’ ಎಂದ, ನೆಂಟರಿಗೆ ಹೇಳುವ ಹಾಗೆ. ಪ್ರಕಾಶ ಮಗಳನ್ನು ಕರೆದುಕೊಂಡು ಬೀರಪ್ಪನ ಹೆಂಡತಿಯ ಹತ್ತಿರ ಹೋದರು. ನಾನು ಕಂಬಳಿಯ ತುದಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಸೂಜಿ, ಹೆಂಗಸು, ಮಾತ್ರೆ, ಹರಳು. ಕೊನೆಗೆ ಆ ಶಬ್ದವನ್ನೂ ಹೇಳಿದೆ.

ಅಪ್ಪ ಬಟ್ಟೆ ಸುತ್ತುವುದನ್ನು ನಿಲ್ಲಿಸಲಿಲ್ಲ. ಗಂಟು ಹಾಕಿ ಮುಗಿಸಿದ ಮೇಲೆ ಕೇಳಿದ.

‘ಉಸರಿಲೆ ಹತ್ತತೈತೇನದು?’

‘ಇಲ್ಲ.’

‘ಎಂಜಲದಿಂದ?’

‘ಇಲ್ಲಪ್ಪ.’

‘ಒಂದ ಗಂಗಾಳದಾಗ ಉಂಡ್ರ?’

‘ಇಲ್ಲ.’

‘ಖರೇ ಗೊತ್ತೈತಿ ನಿನಗ?’

‘ಅದ ನನ್ನ ಕೆಲಸ ಅಪ್ಪ.’

‘ಮತ್ತ ತಾಟ ಯಾಕ ಬ್ಯಾರೆ ಇಟ್ಟಿ?’

‘ಅಂಜಿದೆ’ ಎಂದೆ.

ಅಪ್ಪ ಆ ಮರಿಯನ್ನು ಎತ್ತಿ ಹಿಂಡಿನ ನಡುವೆ ಬಿಟ್ಟ. ಅದು ಕುಂಟುತ್ತ ಹೋಗಿ ತಾಯಿಯ ಪಕ್ಕ ನಿಂತಿತು. ‘ಉಬ್ಬಸದ ಕುರಿ ನಾ ಬ್ಯಾರೆ ಕಟ್ಟತಿದ್ದೆ’ ಎಂದ. ‘ಅದು ಉಸರಿಲೆ ಹತ್ತೂದು, ಅದಕ್ಕ ಕಟ್ಟತಿದ್ದೆ. ಕಾಲ ಮುರಕೊಂಡಿದ್ದನ್ನ ಯಾಕ ಬ್ಯಾರೆ ಕಟ್ಟಲಿ? ನಾ ಸಾಲಿ ಕಲ್ತಾಂವ ಅಲ್ಲ. ನೀ ಇಷ್ಟ ಕಲ್ತಿ, ಅದು ತಲ್ಯಾಗ ಐತಿ, ಕೈಯಾಗ ಇನ್ನೂ ಬಂದಿಲ್ಲ.’

ಆಮೇಲೆ ಅವನ ಧ್ವನಿ ಒಡೆಯಿತು. ‘ನಾ ಏನ ತಿಳಕೊಂಡೆ ಅಂತ ಗೊತ್ತೈತೇನ ನಿನಗ? ಒಂದ ತಿಂಗಳ ನಾ ದಿನಾ ಎರಡ ಸಲ ಸಾಬೂನ ಹಚ್ಚಿ ಜಳಕ ಮಾಡೀನಿ.’

ನಾನು ಅವನ ಮೊಣಕಾಲಿಗೆ ಹಣೆ ಇಟ್ಟು ಅತ್ತೆ. ಕಂಬಳಿಯಿಂದ ಕುರಿಯ ವಾಸನೆ ಬರುತ್ತಿತ್ತು, ಅವನ ಮೈಯಿಂದ ಸಾಬೂನಿನದು. ಅವನು ನನ್ನ ಬೆನ್ನು ತಟ್ಟುತ್ತ, ‘ಆತ ಬಿಡ, ಆತ ಬಿಡ’ ಎನ್ನುತ್ತಿದ್ದ. ಮಧ್ಯಾಹ್ನ ಒಳಗೆ ಗಂಗಾಳ ಹಾಕಿಸಿದ. ನಾನು ನನ್ನ ಬದಿಯಿಂದ ಉಂಡೆ, ಅವನು ಅವನ ಬದಿಯಿಂದ. ತುಪ್ಪವನ್ನೂ ಹಾಕಿದ, ಈಗ ಆಗುತ್ತದೆ ಎಂದು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ. ಪ್ರಕಾಶ ಬಾಗಿಲಲ್ಲಿ ನಿಂತು ನೋಡಿ ಮುಖ ತಿರುಗಿಸಿಕೊಂಡರು. ಮನೆಗೆ ಬಂದು ನಾನು ಬೇರೆ ಗೂಡನ್ನು ಖಾಲಿ ಮಾಡಿದೆ. ಅಲ್ಲಿ ಈಗ ಉಪ್ಪಿನಕಾಯಿ ಭರಣಿಗಳಿವೆ.

ಆಮೇಲಿನ ತಿಂಗಳುಗಳಲ್ಲಿ ಅಪ್ಪ ಹದಿನೈದು ದಿನಕ್ಕೊಮ್ಮೆ ಬರತೊಡಗಿದ. ಅವನಿಗೆ ಅಂಜಿಕೆ ಇರಲಿಲ್ಲವೆಂದಲ್ಲ. ನನಗೆ ಸಣ್ಣ ಕೆಮ್ಮು ಬಂದರೂ ಅವನ ಕಣ್ಣು ನನ್ನ ಮೇಲೆ ನೆಡುತ್ತಿತ್ತು. ಬೆಳಗಾವಿಯ ಕೋಟೆಯ ಕಡೆ ನನ್ನನ್ನು ವಾಕಿಂಗ್ ಕರೆದುಕೊಂಡು ಹೋಗುವನು, ನಾನು ಏದುಸಿರು ಬಿಡುತ್ತೇನೋ ಎಂದು ನೋಡುವನು. ಒಮ್ಮೆ ಅಂದೇ ಬಿಟ್ಟ, ‘ನಿನ್ನ ಹಿಂಗಾಲ ಎತ್ತಿ ನೋಡಾಕ ಬರೂದಿಲ್ಲಲ್ಲ’. ಇಬ್ಬರೂ ಕಂದಕದ ಬಳಿ ನಿಂತು ಬಹಳ ಹೊತ್ತು ನಕ್ಕೆವು. ಮೂರು ತಿಂಗಳ ಪರೀಕ್ಷೆ ದಾಟಿತು. ಹರಳಿನ ನೋವು ಮತ್ತೆ ಬರಲಿಲ್ಲ. ಕೂದಲು ಸ್ವಲ್ಪ ಉದುರಿತು, ತೂಕ ಇಳಿದದ್ದು ಮರಳಿ ಬಂತು. ಮಾತ್ರೆ ಬರೆದುಕೊಡುವ ಡಾಕ್ಟರುಗಳಿಗೆ ನಾನು ಪಾಠ ಮಾಡುವಾಗ ‘ಚೆನ್ನಾಗಿ ತಾಳಿಕೊಳ್ಳುತ್ತಾರೆ’ ಎಂಬ ವಾಕ್ಯವನ್ನು ಈಗ ಹೇಳುವುದಿಲ್ಲ. ಮೊದಲ ವಾರ ಅನ್ನದ ವಾಸನೆ ಆಗುವುದಿಲ್ಲ, ಮನೆಯವರಿಗೆ ಹೇಳಿ ಎನ್ನುತ್ತೇನೆ.

ಆರು ತಿಂಗಳ ಪರೀಕ್ಷೆ ನಮ್ಮ ಲ್ಯಾಬಿನಲ್ಲೇ ಆಯಿತು, ಹೆಸರಿಲ್ಲದ ಒಂದು ನಂಬರಿನಡಿ. ಟೆಕ್ನಿಷಿಯನ್‌ಗೆ ಅದು ಯಾರದೆಂದು ಗೊತ್ತಿರಲಿಲ್ಲ. ಈ ಪರೀಕ್ಷೆಯಲ್ಲಿ ಪ್ಲಾಸ್ಟಿಕ್ ಹಲಗೆಯೊಂದರಲ್ಲಿ ಸಣ್ಣ ಸಣ್ಣ ಗುಂಡಿಗಳಿರುತ್ತವೆ, ವೈರಸ್ ಹತ್ತಿದವರ ಗುಂಡಿ ಹಳದಿಯಾಗುತ್ತದೆ. ಅಂಥ ಸಾವಿರಾರು ಗುಂಡಿಗಳನ್ನು ನೋಡಿದವಳು ಅಂದು ನನ್ನ ಗುಂಡಿಯನ್ನು ಹುಡುಕಲಾರದೆ ಹೋದೆ. ಎರಡು ಸಲ ತಪ್ಪು ಸಾಲು ಎಣಿಸಿದೆ. ಒಂದು ಹಳದಿ ಗುಂಡಿಯನ್ನು ನನ್ನದೆಂದೇ ತಿಳಿದೆ. ಮತ್ತೆ ಬೆರಳಿಟ್ಟು ಎಣಿಸಿದೆ.

ನನ್ನದು ಬರೀ ನೀರಿನ ಬಣ್ಣ.

ಆ ಹಳದಿ ಗುಂಡಿಯೂ ಯಾರದೋ ಆಗಿತ್ತು. ಅದಕ್ಕೂ ಒಂದು ನಂಬರು, ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವ ಯಾರೋ ಒಬ್ಬರು. ಅಷ್ಟು ವರ್ಷಗಳಲ್ಲಿ ಹಾಗೆ ಅನ್ನಿಸಿದ್ದು ಅದೇ ಮೊದಲು.

ಅಂದು ಅಪ್ಪ ಮನೆಯಲ್ಲೇ ಇದ್ದ, ಬೇಕೆಂದೇ ಆ ದಿನಕ್ಕೆ ಬಂದಿದ್ದ. ನನ್ನ ಮುಖ ನೋಡಿಯೇ ಅವನಿಗೆ ತಿಳಿಯಿತು. ಪ್ರಕಾಶ ಮಗಳನ್ನು ಎತ್ತಿ ಎರಡು ಸುತ್ತು ತಿರುಗಿಸಿದರು, ಯಾಕೆಂದು ತಿಳಿಯದೆಯೇ ಅವಳು ಕಿಲಕಿಲ ನಕ್ಕಳು. ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತ. ಊಟಕ್ಕೆ ಕುಳಿತಾಗ ಮೊದಲ ತುತ್ತು ಮುರಿದವನು ಕೈಯಲ್ಲೇ ಹಿಡಿದುಕೊಂಡು ಕೇಳಿದ.

‘ಆ ಖಾನಾಪುರದಾಕಿ ಯಾರ ಜೋಡಿ ಉಣ್ಣತಾಳ?’

ನನಗೆ ಗೊತ್ತಿರಲಿಲ್ಲ. ರುಕ್ಮಿಣಿಯ ಫೈಲು ನನ್ನ ಬಳಿ ಎರಡು ಬೆರಳು ದಪ್ಪ ಇತ್ತು. ಆಕೆಯ ತೂಕ, ರಕ್ತಕಣಗಳ ಸಂಖ್ಯೆ, ಆಕೆಯ ಮೈಯಲ್ಲಿರುವ ವೈರಸ್ಸಿನ ವಂಶಾವಳಿ ಎಲ್ಲ ಅದರಲ್ಲಿತ್ತು. ಆದರೆ ಆಕೆ ಯಾರ ಜೊತೆ ಉಣ್ಣುತ್ತಾಳೆ ಎಂದು ನಾನು ಎಂದೂ ಕೇಳಿರಲಿಲ್ಲ. ಕೂಡಿ ಉಂಡರೆ ಏನೂ ಆಗುವುದಿಲ್ಲ ಎಂದು ಊರಿಗೆಲ್ಲ ಸಾರಿದ ನಾನು ಇಷ್ಟು ವರ್ಷಗಳಲ್ಲಿ ನನಗೆ ರಕ್ತ ಕೊಟ್ಟ ಒಬ್ಬರ ಜೊತೆಗೂ ಕುಳಿತು ಉಂಡಿರಲಿಲ್ಲ.

ಮುಂದಿನ ತಿಂಗಳು ರುಕ್ಮಿಣಿ ಬಂದ ದಿನ ನಾನು ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಹೋಗಿದ್ದೆ. ರಕ್ತ ತೆಗೆದಾದ ಮೇಲೆ ಆಕೆ ಕಟ್ಟಡದ ಹಿಂದೆ ಬೇವಿನ ಗಿಡದ ಕಟ್ಟೆಗೆ ಹೋದಳು. ಅಲ್ಲಿ ಕುಳಿತು ಚೀಲದಿಂದ ಒಂದು ತಗಡಿನ ತಾಟು ತೆಗೆದಳು. ಅಣ್ಣನ ಮನೆಯವರು ಆಕೆಗೆಂದೇ ಇಟ್ಟ ತಾಟು, ಎಲ್ಲಿ ಹೋದರೂ ಜೊತೆಗೇ ಒಯ್ಯುತ್ತಾಳೆ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಆಕೆ ಗಾಬರಿಯಾಗಿ ಎದ್ದಳು.

‘ಕುಂದರ್ರಿ’ ಎಂದೆ. ನನ್ನ ಡಬ್ಬಿ ಬಿಚ್ಚಿ ಇಬ್ಬರ ನಡುವೆ ಇಟ್ಟೆ.

‘ಬ್ಯಾಡ್ರಿ ಬಾಯಾರ. ಒಮ್ಮೆ ಆಗೇತಿ, ದೇವರ ಪಾರ ಮಾಡ್ಯಾನ. ಮತ್ತ ಯಾಕ?’

‘ಅದು ಸೂಜಿ. ಇದು ರೊಟ್ಟಿ’ ಎಂದೆ. ನನಗೆ ಅಂಜಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ರೋಗದ ಅಂಜಿಕೆಯಲ್ಲ, ಆಕೆ ಬೇಡ ಎಂದು ಹೋಗಿಬಿಟ್ಟರೆ ಏನು ಮಾಡಲಿ ಎಂಬುದು. ರೊಟ್ಟಿ ಮುರಿದು ಒಂದು ಅರ್ಧವನ್ನು ಆಕೆಯ ಬದಿಗೆ ಸರಿಸಿ, ಇನ್ನೊಂದು ಅರ್ಧದಿಂದ ನಾನು ತಿನ್ನತೊಡಗಿದೆ.

ಆಕೆ ಕಟ್ಟೆಯ ತುದಿಯಲ್ಲಿ ಮತ್ತೆ ಕುಳಿತಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ತುದಿಬೆರಳಿನಿಂದ, ಆ ಕಡೆಯ ಅಂಚಿನಿಂದ ಇಷ್ಟೇ ಇಷ್ಟು ಪಲ್ಯ ಎತ್ತಿದಳು. ಎರಡನೇ ತುತ್ತು ಸ್ವಲ್ಪ ದೊಡ್ಡದಾಗಿತ್ತು. ಮೂರನೆಯದನ್ನು ಡಬ್ಬಿಯ ನಡುವಿನಿಂದಲೇ ತೆಗೆದುಕೊಂಡಳು. ಆಕೆಗೆ ಮಾತ್ರೆ ಇನ್ನೂ ಸಿಕ್ಕಿಲ್ಲ. ನಮ್ಮ ದೇಶದಲ್ಲೇ ತಯಾರಾಗತೊಡಗಿದೆ, ಬೆಲೆ ಇಳಿಯುತ್ತದೆ ಎನ್ನುತ್ತಾರೆ. ಅರ್ಜಿಗಳನ್ನು ಬರೆಯುತ್ತ, ಮೀಟಿಂಗುಗಳಲ್ಲಿ ಮೇಜು ಬಡಿಯುತ್ತ ಇದ್ದೇನೆ. ಅಲ್ಲಿಯವರೆಗೆ ಆಕೆ ಬಂದ ದಿನ ನಾವಿಬ್ಬರೂ ಕೂಡಿ ಉಣ್ಣುತ್ತೇವೆ.

ಆ ಮೊದಲ ದಿನ ನಾಲ್ಕನೇ ತುತ್ತಿಗೆ ಆಕೆ ನನ್ನತ್ತ ತಿರುಗಿ, ಸ್ವಲ್ಪ ಅಳುಕುತ್ತ ಹೇಳಿದಳು: ‘ಬಾಯಾರ, ಸಿಟ್ಟಿಗೇಳಬ್ಯಾಡ್ರಿ. ಪಲ್ಯಾಕ್ಕ ಉಪ್ಪ ಕಡಿಮಿ ಆಗೇತಿ.’